ಇಂಗ್ಲೆಂಡಿನ ಸಾಲಿಸಿಟರ್ ವೃತ್ತಿಯೂ ಈಚಿನ ಶಾಸನಗಳೂ

ಇಂಗ್ಲೆಂಡಿನಲ್ಲಿ ಮನೆಯನ್ನು ಕೊಳ್ಳುವವರಾಗಲಿ, ಉಯಿಲು ಬರೆಸುವವರಾಗಲಿ, ದಾಂಪತ್ಯವನ್ನು ಮುಗಿಸಿಕೊಳ್ಳಬಯಸುವವರಾಗಲಿ, ಆಪಾದನೆಗೆ ಗುರಿಯಾಗಿ ಪೊಲೀಸ್ ಠಾಣೆಯಲ್ಲಿ ರಾತ್ರಿ ಕಳೆಯುತ್ತಿರುವವರಾಗಲಿ, ಕಾನೂನಿನ ಮುಖವನ್ನು ಮೊದಲು ಕಾಣುವುದು ಸಾಲಿಸಿಟರರ ಮೇಜಿನ ಎದುರಿನಲ್ಲಿ. ಬ್ಯಾರಿಸ್ಟರರ ಕರಿಯ ನಿಲುವಂಗಿ, ಬಿಳಿಯ ಕೃತಕ ಕೇಶ, ಸಭಾಕಂಪವರಿಯದ ವಾಗ್ಝರಿ ಇವು ನಮ್ಮ ಓದುಗರಿಗೆ ಕಾದಂಬರಿಗಳ ಮೂಲಕ ಪರಿಚಿತವಾಗಿವೆ. ಆ ವಾಗ್ಝರಿಗೆ ಮೊದಲು ಕಕ್ಷಿಗಾರರ ಮಾತನ್ನು ಕಿವಿಗೊಟ್ಟು ಕೇಳಿ, ಕಾಗದಪತ್ರಗಳನ್ನು ಹುಡುಕಿ ತೆಗೆದು, ಅವರ ಹಣವನ್ನು ತಮ್ಮ ಖಾತೆಯಲ್ಲಿ ಕಾಪಾಡಿ, ಎದುರು ಪಕ್ಷದವರಿಗೆ ಮುಚ್ಚಳಿಕೆ ಬರೆದುಕೊಟ್ಟು, ಆ ಮುಚ್ಚಳಿಕೆಗೆ ತಮ್ಮ ಸನ್ನದನ್ನೇ ಒತ್ತೆಯಾಗಿಡುವ ಸಾಲಿಸಿಟರರು ಅಷ್ಟಾಗಿ ಪರಿಚಿತರಲ್ಲ. ಇಂಥವರು ಇಂಗ್ಲೆಂಡು ಮತ್ತು ವೇಲ್ಸುಗಳಲ್ಲಿ ಇಂದು 1,50,000ಕ್ಕೂ ಹೆಚ್ಚು ಮಂದಿ ಇದ್ದಾರೆ. ಅವರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಸ್ತ್ರೀಯರು.

ಕಳೆದ ಎಂಟು ಹತ್ತು ವರ್ಷಗಳಲ್ಲಿ ಈ ವೃತ್ತಿಯವರು ಹೊಸದಾಗಿ ಕಲಿಯಬೇಕಾಗಿ ಬಂದಿರುವ ಶಾಸನಗಳನ್ನೂ ತೀರ್ಪುಗಳನ್ನೂ ಒಟ್ಟಿಗೆ ಇಟ್ಟುಕೊಂಡು ನೋಡಿದರೆ, ಮೇಲ್ನೋಟಕ್ಕೆ ಅವು ಒಂದಕ್ಕೊಂದು ಸಂಬಂಧವಿಲ್ಲದ ಚೂರುಗಳಂತೆ ತೋರುತ್ತವೆ. ವಿವಾಹವಿಚ್ಛೇದನಕ್ಕೂ ಕಟ್ಟಡದ ಅಗ್ನಿಭಯಕ್ಕೂ ಏನು ನಂಟು, ಅಂಚೆ ಕಚೇರಿಯ ಗಣಕಯಂತ್ರಕ್ಕೂ ಬಾಡಿಗೆಯ ಕರಾರಿಗೂ ಏನು ನಂಟು ಎಂದು ಕೇಳುವಂತಿದೆ. ಆದರೆ ಅವುಗಳಲ್ಲಿ ಬಹುಪಾಲಿನ ಒಳಗೆ ಒಂದೇ ಪ್ರಶ್ನೆ ಮತ್ತೆ ಮತ್ತೆ ತಲೆಯೆತ್ತಿದೆ ಎಂದು ನನ್ನ ಎಣಿಕೆ: ಕೆಲಸ ಕೆಟ್ಟಾಗ ಉತ್ತರ ಹೇಳತಕ್ಕವರು ಯಾರು? ಈ ಪ್ರಶ್ನೆಗೆ ಪಾರ್ಲಿಮೆಂಟೂ ನ್ಯಾಯಾಲಯಗಳೂ ಕೊಡುತ್ತ ಬಂದಿರುವ ಉತ್ತರವು ಮೆಲ್ಲಮೆಲ್ಲನೆ ಸಾಲಿಸಿಟರರ ಸಹಿಯ ಬಳಿಗೆ ಸರಿದಿದೆ. ಅದು ಬಹುಮಟ್ಟಿಗೆ ಧರ್ಮಸಮ್ಮತವಾದ ಉತ್ತರವೇ ಹೌದು. ಆದರೆ ಹೊಣೆಯನ್ನು ಹೊರಿಸಿದಷ್ಟು ಸುಲಭವಾಗಿ ಅದನ್ನು ಹೊರುವ ಶಕ್ತಿಯನ್ನು ರಾಜ್ಯವು ಒದಗಿಸಿಲ್ಲವೆಂಬುದನ್ನೂ ಇಲ್ಲಿಯೇ ಹೇಳಬೇಕಾಗಿದೆ.

ಮನೆಯ ಕ್ರಯವನ್ನೇ ಮೊದಲು ತೆಗೆದುಕೊಳ್ಳೋಣ. ಆ ದೇಶದಲ್ಲಿ ಕೊಳ್ಳುವವರಿಗೂ ಮಾರುವವರಿಗೂ ಬೇರೆ ಬೇರೆ ಸಾಲಿಸಿಟರರು ಇರುತ್ತಾರೆ. ವ್ಯವಹಾರ ಮುಗಿಯುವ ದಿನ ಕೊಳ್ಳುವವರ ಕಡೆಯವರು ಹಣವನ್ನು ಮಾರುವವರ ಕಡೆಯವರ ಖಾತೆಗೆ ಕಳಿಸುತ್ತಾರೆ. ಮಾರುವವರ ಕಡೆಯವರು ಆ ಹಣದಿಂದ ಹಳೆಯ ಅಡಮಾನವನ್ನು ತೀರಿಸುವುದಾಗಿ ಮೊದಲೇ ಮುಚ್ಚಳಿಕೆ ಕೊಟ್ಟಿರುತ್ತಾರೆ. ಕ್ರಯಪತ್ರವು ಕೈಸೇರುತ್ತದೆ, ಬೀಗದ ಕೈ ಕೈಸೇರುತ್ತದೆ, ಭೂನೋಂದಣಿ ಕಚೇರಿಯಲ್ಲಿ ಹೆಸರು ಬದಲಾಗುತ್ತದೆ. ಒಬ್ಬರನ್ನೊಬ್ಬರು ಎಂದೂ ಮುಖತಃ ಕಂಡಿರದ ಇಬ್ಬರು ವೃತ್ತಿಗಾರರು ಪರಸ್ಪರರ ಮಾತನ್ನು ನಂಬುವುದರ ಮೇಲೆಯೇ ಈ ಸಮಸ್ತ ವ್ಯವಹಾರವೂ ನಿಂತಿದೆ. ಲಂಡನ್ನಿನಲ್ಲಿ 11 ಲಕ್ಷ ಪೌಂಡಿಗೆ ಮಾರಾಟಕ್ಕೆ ಬಂದಿದ್ದ ಒಂದು ಮನೆಯ ವಿಷಯದಲ್ಲಿ ಈ ನಂಬಿಕೆಯು ಮುರಿದು ಬಿತ್ತು. ಮಾರಾಟಗಾರನೆಂದು ಬಂದವನು ಮನೆಯ ಒಡೆಯನೇ ಆಗಿರಲಿಲ್ಲ. ಒಡೆಯನ ಹೆಸರನ್ನು ಹೊತ್ತ ವಂಚಕನಾಗಿದ್ದನು. ಹಣ ಹೋಯಿತು, ವಂಚಕನೂ ಹೋದನು. ಕೊಂಡ ಕಂಪನಿಯಾದ ಡ್ರೀಮ್‌ವಾರ್ ಬರಿಗೈಯಲ್ಲಿ ನಿಂತಿತು.

ಆ ಕಂಪನಿಯ ಪರವಾಗಿದ್ದ ಸಾಲಿಸಿಟರರ ಕೆಲಸದಲ್ಲಿ ನ್ಯಾಯಾಲಯವು ಅಜಾಗರೂಕತೆಯನ್ನು ಕಾಣಲಿಲ್ಲ. ಆದರೂ ಅವರು ಕಕ್ಷಿಗಾರರ ಹಣವನ್ನು ನ್ಯಾಸವಾಗಿ ಇಟ್ಟುಕೊಂಡಿದ್ದವರು. ನಿಜವಾದ ಕ್ರಯವು ನಡೆದರೆ ಮಾತ್ರ ಅದನ್ನು ಬಿಟ್ಟುಕೊಡಬಹುದಾಗಿತ್ತು. ನಡೆದದ್ದು ನಿಜವಾದ ಕ್ರಯವಲ್ಲ. ಆದಕಾರಣ ಅವರು ಹಣವನ್ನು ತುಂಬಿಕೊಡತಕ್ಕದ್ದು ಎಂದಾಯಿತು. ಪ್ರಾಮಾಣಿಕವಾಗಿ ನಡೆದುಕೊಂಡ ಧರ್ಮದರ್ಶಿಗೆ 1925ರ ಕಾಯಿದೆಯು ಕೊಡುವ ಕ್ಷಮೆಯನ್ನು ಕೆಳಗಿನ ನ್ಯಾಯಾಲಯವು ಇಲ್ಲಿ ಕೊಡಲೊಪ್ಪಲಿಲ್ಲ. ಈ ನಷ್ಟವನ್ನು ಸಹಿಸುವ ಶಕ್ತಿಯು ಚಿಕ್ಕ ಕಂಪನಿಗಿಂತ ವಿಮೆಯುಳ್ಳ ಸಾಲಿಸಿಟರರಿಗೆ ಹೆಚ್ಚಾಗಿದೆ ಎಂಬುದು ಅದಕ್ಕೆ ಮುಖ್ಯವಾದ ಒಂದು ಕಾರಣ. 2018ರಲ್ಲಿ ಅಪೀಲು ನ್ಯಾಯಾಲಯವು ಮುಂದೆ ಹೋಗಿ, ತಮ್ಮ ಕಕ್ಷಿಗಾರನು ಯಾರೆಂಬುದನ್ನು ಸರಿಯಾಗಿ ಅರಿಯದೆ ಹಣವನ್ನು ಅವನಿಗೆ ಒಪ್ಪಿಸಿದ ಮಾರಾಟ ಪಕ್ಷದ ಸಾಲಿಸಿಟರರನ್ನೂ ಹೊಣೆಗೆ ಸೇರಿಸಿತು. ಈ ಎರಡನೆಯ ಭಾಗವು ನನಗೆ ಅತ್ಯಂತ ಯುಕ್ತವೆಂದು ತೋರುತ್ತದೆ: ವಂಚಕನನ್ನು ಎದುರಿಗೆ ಕೂರಿಸಿಕೊಂಡು ಅವನ ಗುರುತಿನ ಕಾಗದವನ್ನು ಕೇಳಬಲ್ಲವರು ಆ ಕಡೆಯವರೇ ಹೊರತು ಈ ಕಡೆಯವರಲ್ಲ. ಸಾಲಿಸಿಟರರ ಸಂಘವಾದ ಲಾ ಸೊಸೈಟಿಯು ಇದಕ್ಕೆ ಹೊಂದುವಂತೆ ಕ್ರಯ ಮುಗಿಸುವ ತನ್ನ ನಿಯಮಾವಳಿಯನ್ನು 2019ರಲ್ಲಿ ತಿದ್ದಿಕೊಂಡಿತು.

ಮುಚ್ಚಳಿಕೆಯ ವಿಷಯದಲ್ಲಿ 2021ರ ಇನ್ನೊಂದು ತೀರ್ಪು ಅನಿರೀಕ್ಷಿತವಾದ ಬಿರುಕನ್ನು ತೋರಿಸಿತು. ಸಾಲಿಸಿಟರರು ವೃತ್ತಿಯ ನೆಲೆಯಲ್ಲಿ ಕೊಟ್ಟ ಮಾತನ್ನು ನ್ಯಾಯಾಲಯವು ತನ್ನ ಅಂತರ್ಗತ ಅಧಿಕಾರದಿಂದ ಕ್ಷಿಪ್ರವಾಗಿ ಜಾರಿಮಾಡಬಲ್ಲದೆಂಬುದು ಬಹುಕಾಲದ ಸಂಪ್ರದಾಯ. ಅವರು ನ್ಯಾಯಾಲಯದ ಅಧಿಕಾರಿಗಳು ಎಂಬುದೇ ಅದರ ಆಧಾರ. ಹಾರ್ಕಸ್ ಸಿಂಕ್ಲೇರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಕಂಪನಿಯ ರೂಪ ತಾಳಿರುವ ವಕೀಲಿ ಸಂಸ್ಥೆಯು ನ್ಯಾಯಾಲಯದ ಅಧಿಕಾರಿಯಲ್ಲವಾದ್ದರಿಂದ ಅದು ಕೊಟ್ಟ ಮುಚ್ಚಳಿಕೆಗೆ ಈ ಅಧಿಕಾರವು ತಾಗುವುದಿಲ್ಲವೆಂದು ಹೇಳಿ, ಈ ಕೊರತೆಯನ್ನು ತುಂಬುವ ವಿಚಾರವನ್ನು ಪಾರ್ಲಿಮೆಂಟಿನ ಗಮನಕ್ಕೆ ಬಿಟ್ಟಿತು. ಇಂದು ಬಹುಸಂಖ್ಯೆಯ ಸಂಸ್ಥೆಗಳು ಕಂಪನಿಗಳೋ ಮಿತ ಹೊಣೆಯ ಪಾಲುದಾರಿಕೆಗಳೋ ಆಗಿರುವಾಗ, ಇಂಥ ಲೋಪವನ್ನು ಹಾಗೆಯೇ ಬಿಡುವುದು ತರವಲ್ಲ.

ಕಟ್ಟಡಗಳ ವಿಷಯಕ್ಕೆ ಬಂದರೆ ಎಲ್ಲಕ್ಕೂ ಮೂಲ 2017ರ ಜೂನ್ 14ರ ರಾತ್ರಿ. ಲಂಡನ್ನಿನ ಗ್ರೆನ್‌ಫೆಲ್ ಗೋಪುರದಲ್ಲಿ ಹತ್ತಿದ ಬೆಂಕಿಯು ಹೊರಗೋಡೆಗೆ ಹೊದಿಸಿದ್ದ ದಹನಶೀಲ ಹಲಗೆಗಳ ಮೂಲಕ ಮೇಲಕ್ಕೇರಿ 72 ಜನರ ಪ್ರಾಣವನ್ನು ತೆಗೆದುಕೊಂಡಿತು. ಅದೇ ಬಗೆಯ ಹೊದಿಕೆಯುಳ್ಳ ನೂರಾರು ಕಟ್ಟಡಗಳಲ್ಲಿ ದೀರ್ಘಾವಧಿಯ ಲೀಸಿನ ಮೇಲೆ ಮನೆ ಕೊಂಡಿದ್ದ ಸಾಮಾನ್ಯ ಕುಟುಂಬಗಳು, ತಾವು ಕಟ್ಟದ ಗೋಡೆಯ ತಪ್ಪಿಗೆ ತಾವೇ ಲಕ್ಷಗಟ್ಟಲೆ ತೆರಬೇಕೆಂಬ ಸೂಚನಾಪತ್ರಗಳನ್ನು ಕೈಯಲ್ಲಿ ಹಿಡಿದು ಕಂಗೆಟ್ಟವು. 2022ರ ಬಿಲ್ಡಿಂಗ್ ಸೇಫ್ಟಿ ಆ್ಯಕ್ಟ್ ಈ ಅನ್ಯಾಯಕ್ಕೆ ಕೊಟ್ಟ ಉತ್ತರವು ಅಸಾಮಾನ್ಯವಾದುದು. ವಾಸಯೋಗ್ಯವಲ್ಲದ ಮನೆ ಕಟ್ಟಿದವರ ಮೇಲೆ ದಾವೆ ಹೂಡಲು ಇದ್ದ ಆರು ವರ್ಷದ ಕಾಲಮಿತಿಯನ್ನು, ಹಿಂದೆ ಮುಗಿದ ಕಟ್ಟಡಗಳಿಗೆ ಮೂವತ್ತು ವರ್ಷಕ್ಕೂ ಮುಂದಿನವುಗಳಿಗೆ ಹದಿನೈದು ವರ್ಷಕ್ಕೂ ಅದು ಏರಿಸಿತು. ಒಮ್ಮೆ ಸತ್ತುಹೋಗಿದ್ದ ಹಕ್ಕನ್ನು ಶಾಸನವು ಹೀಗೆ ಎಬ್ಬಿಸಿ ನಿಲ್ಲಿಸುವುದು ಇಂಗ್ಲಿಷ್ ಪದ್ಧತಿಯಲ್ಲಿ ಅಪೂರ್ವ; ಆದರೂ ತಪ್ಪೆಸಗಿದವರು ಕಾಲವನ್ನು ಮರೆಮಾಡಿಕೊಂಡು ಪಾರಾಗುವುದಕ್ಕಿಂತ ಇದು ಮೇಲು.

ಈ ಕಾಯಿದೆಯು ಕನಿಷ್ಠ ಹನ್ನೊಂದು ಮೀಟರ್ ಎತ್ತರದ ಅಥವಾ ಕನಿಷ್ಠ ಐದು ಅಂತಸ್ತಿನ ಕಟ್ಟಡಗಳಲ್ಲಿ, 2022ರ ಫೆಬ್ರವರಿ 14ಕ್ಕೆ ಮೊದಲು ಕೊಟ್ಟ ಲೀಸುಗಳನ್ನು ಹೊಂದಿ, ಆ ದಿನ ಅಲ್ಲಿ ವಾಸವಾಗಿದ್ದ ಅಥವಾ ದೇಶದಲ್ಲಿ ಒಟ್ಟು ಮೂರಕ್ಕಿಂತ ಹೆಚ್ಚು ಮನೆಗಳಿಲ್ಲದಿದ್ದ ಲೀಸುದಾರರಿಗೆ ರಕ್ಷಣೆ ಕೊಡುತ್ತದೆ. ರಕ್ಷಣೆ ಸಿಗುವುದು ಕಾಗದದ ಮೂಲಕ: ಲೀಸುದಾರರು ಒಂದು ಪ್ರಮಾಣಪತ್ರ ಕೊಡಬೇಕು, ಭೂಮಾಲೀಕರು ಇನ್ನೊಂದು ಕೊಡಬೇಕು. ಹೀಗಾಗಿ ಇಪ್ಪತ್ತೈದನೆಯ ವಯಸ್ಸಿನಲ್ಲಿ ಮೊದಲ ಮನೆ ಕೊಳ್ಳಲು ಬಂದ ಶಾಲಾ ಉಪಾಧ್ಯಾಯಿನಿಯ ಸಾಲಿಸಿಟರರು, ಹಕ್ಕುಪತ್ರದ ಜತೆಗೆ ಕಟ್ಟಡದ ಎತ್ತರವನ್ನೂ, ಆ ಒಂದು ದಿನ ಅಂದಿನ ಲೀಸುದಾರರು ಎಲ್ಲಿ ವಾಸವಾಗಿದ್ದರೆಂಬುದನ್ನೂ, ಭೂಮಾಲೀಕ ಕಂಪನಿಯ ಹಿಂದಿರುವ ಕಂಪನಿಯ ಆಸ್ತಿಯನ್ನೂ ವಿಚಾರಿಸಬೇಕಾಗಿದೆ. ವಿಚಾರಣೆಯಲ್ಲಿ ಒಂದು ಎಳೆ ತಪ್ಪಿದರೆ ನಷ್ಟವು ವಿಮೆಯ ಮೇಲೆ ಬೀಳುತ್ತದೆ. ಚಿಕ್ಕ ಊರಿನ ಹಲವು ಕಚೇರಿಗಳು ಎತ್ತರದ ಕಟ್ಟಡಗಳ ಕ್ರಯವನ್ನೇ ಒಲ್ಲೆವೆಂದು ಬಾಗಿಲು ಹಾಕಿಕೊಂಡಿವೆ. ಶಾಸನವು ಜನರ ರಕ್ಷಣೆಗೆ ಬಂದಿತು. ಆ ರಕ್ಷಣೆಯನ್ನು ಓದಿ ಹೇಳುವವರು ಮಾತ್ರ ವಿರಳರಾದರು.

ಲೀಸು ಪದ್ಧತಿಯ ಸುಧಾರಣೆಯನ್ನು ಇಷ್ಟು ವಿಸ್ತಾರವಾಗಿ ಹೇಳಬೇಕಾದ್ದಿಲ್ಲ. 2022ರ ಜೂನ್ 30ರಿಂದ ಹೊಸ ವಾಸದ ಲೀಸುಗಳಲ್ಲಿ ನೆಲಬಾಡಿಗೆಯು ಬಹುತೇಕ ಶೂನ್ಯಕ್ಕಿಳಿದಿದೆ. 2024ರ ಕಾಯಿದೆಯು ಲೀಸಿನ ಅವಧಿಯನ್ನು 990 ವರ್ಷಗಳಿಗೆ ಬೆಳೆಸಿಕೊಳ್ಳುವ ಹಕ್ಕನ್ನು ಘೋಷಿಸಿತಾದರೂ ಅದನ್ನು ಕಂತುಕಂತಾಗಿ ಜಾರಿಗೆ ತರಲಾಗುತ್ತಿದೆ. ಮನೆ ಕೊಂಡು ಎರಡು ವರ್ಷ ಕಾಯಬೇಕೆಂಬ ಹಳೆಯ ನಿಬಂಧನೆ ಮಾತ್ರ 2025ರ ಜನವರಿ 31ರಂದು ರದ್ದಾಯಿತು. ಭೂಮಾಲೀಕರು ಹೂಡಿದ ಆಕ್ಷೇಪಣೆಯನ್ನು ಹೈಕೋರ್ಟು ಅದೇ ವರ್ಷದ ಅಕ್ಟೋಬರಿನಲ್ಲಿ ತಳ್ಳಿಹಾಕಿತು. ಅರ್ಧ ಜಾರಿಯಾದ ಕಾಯಿದೆಯ ಕೆಳಗೆ ಕಕ್ಷಿಗಾರರಿಗೆ ‘ಈಗಲೇ ಮಾಡಿ’ ಎನ್ನುವುದೋ ‘ಕಾಯಿರಿ’ ಎನ್ನುವುದೋ ಎಂಬ ಧರ್ಮಸಂಕಟ ಸಾಲಿಸಿಟರರದು.

ಕುಟುಂಬದ ಕಾನೂನಿನಲ್ಲಿ ಆದ ಬದಲಾವಣೆಯು ಈ ಎಲ್ಲದರಲ್ಲೂ ಹೆಚ್ಚು ಮಾನವೀಯವಾದುದು. ಅರ್ಧ ಶತಮಾನದ ಕಾಲ ಅಲ್ಲಿ ಬೇಗನೆ ವಿಚ್ಛೇದನ ಬೇಕಾದವರು ಎದುರಿನವರ ವ್ಯಭಿಚಾರವನ್ನೋ ಅಸಹನೀಯ ನಡತೆಯನ್ನೋ ಬರೆದು ತೋರಿಸಬೇಕಾಗಿತ್ತು. ಇಲ್ಲವಾದರೆ ಇಬ್ಬರೂ ಒಪ್ಪಿದ್ದಲ್ಲಿ ಎರಡು ವರ್ಷ, ಒಪ್ಪದಿದ್ದಲ್ಲಿ ಐದು ವರ್ಷ ಬೇರೆ ಬಾಳಬೇಕಾಗಿತ್ತು. ಹೀಗಾಗಿ ಕುಟುಂಬ ವ್ಯವಹಾರದ ಸಾಲಿಸಿಟರರು, ಶಾಂತವಾಗಿ ಬೇರೆಯಾಗಬಹುದಾಗಿದ್ದ ದಂಪತಿಗಳ ನಡುವೆ, ಹಳೆಯ ಜಗಳಗಳನ್ನು ಕೆದಕಿ ಕ್ರಮಸಂಖ್ಯೆ ಹಾಕಿ ಅರ್ಜಿಯಲ್ಲಿ ಪೋಣಿಸುವ ಅಪ್ರಿಯ ಕಾರ್ಯವನ್ನು ಮಾಡುತ್ತ ಬಂದರು. 2018ರ ಓವೆನ್ಸ್ ಪ್ರಕರಣದಲ್ಲಿ, ತನ್ನ ದಾಂಪತ್ಯ ಸತ್ತಿದೆಯೆಂದು ಹೇಳಿದ ಪತ್ನಿಗೆ, ಪತಿಯು ವಿರೋಧಿಸಿದ್ದರಿಂದಲೂ ಅವಳು ಕೊಟ್ಟ ನಿದರ್ಶನಗಳು ಸಾಲದೆಂದು ಕೆಳಗಿನ ನ್ಯಾಯಾಲಯ ಕಂಡದ್ದರಿಂದಲೂ, ಸುಪ್ರೀಂ ಕೋರ್ಟು ಮನಸ್ಸಿಲ್ಲದ ಮನಸ್ಸಿನಿಂದ ವಿಚ್ಛೇದನವನ್ನು ನಿರಾಕರಿಸಬೇಕಾಯಿತು. ಐದು ವರ್ಷ ತುಂಬುವ ತನಕ ಅವಳು ಕಾಯಬೇಕಾಯಿತು.

2020ರ ಕಾಯಿದೆಯು 2022ರ ಏಪ್ರಿಲ್ 6ರಂದು ಜಾರಿಗೆ ಬಂದು ಈ ದೋಷಾರೋಪಣೆಯ ಪದ್ಧತಿಯನ್ನು ತೆಗೆದುಹಾಕಿತು. ದಾಂಪತ್ಯವು ಮರಳಿ ಕೂಡದಂತೆ ಮುರಿದಿದೆ ಎಂಬ ಹೇಳಿಕೆಯೇ ಈಗ ಸಾಕು. ಇಬ್ಬರೂ ಸೇರಿ ಅರ್ಜಿ ಕೊಡಬಹುದು. ಅರ್ಜಿ ದಾಖಲಾದ ಇಪ್ಪತ್ತು ವಾರಗಳ ಬಳಿಕ ಷರತ್ತಿನ ಆಜ್ಞೆ, ಅದಾದ ಆರು ವಾರಗಳ ಬಳಿಕ ಅಂತಿಮ ಆಜ್ಞೆ. ಇದರಿಂದ ದಾಂಪತ್ಯವು ಅಗ್ಗವಾಯಿತೆಂದು ವ್ಯಥೆಪಡುವವರು ಅಲ್ಲಿಯೂ ಉಂಟು, ಇಲ್ಲಿಯೂ ಉಂಟು. ಮಕ್ಕಳೆದುರಿಗೆ ತಂದೆತಾಯಿಗಳು ಪರಸ್ಪರರನ್ನು ದೂಷಿಸಿ ಸಹಿ ಮಾಡಬೇಕಾಗಿದ್ದ ಕಾಗದವೊಂದು ಇಲ್ಲವಾದದ್ದರಿಂದ ಯಾವ ಪಾವಿತ್ರ್ಯವೂ ಹಾಳಾಯಿತೆಂದು ನನಗೆ ತೋರುವುದಿಲ್ಲ. ಆಸ್ತಿಯ ಹಂಚಿಕೆಯಲ್ಲಿ ಮಾತ್ರ ವಾದಕ್ಕೆ ಇನ್ನೂ ಎಡೆಯುಂಟು. 2025ರ ಸ್ಟ್ಯಾಂಡಿಷ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟು, ಸಮಭಾಗದ ತತ್ತ್ವವು ದಾಂಪತ್ಯದ ಕಾಲದಲ್ಲಿ ಇಬ್ಬರ ದುಡಿಮೆಯಿಂದ ಬೆಳೆದ ಸಂಪತ್ತಿಗೆ ಮಾತ್ರ ಸಲ್ಲತಕ್ಕದ್ದೆಂದೂ, ಮದುವೆಗೆ ಮೊದಲು ಒಬ್ಬರದೇ ಆಗಿದ್ದ ಸ್ವತ್ತು ತೆರಿಗೆಯ ಉಳಿತಾಯಕ್ಕಾಗಿ ಇನ್ನೊಬ್ಬರ ಹೆಸರಿಗೆ ಬಂದ ಮಾತ್ರಕ್ಕೆ ಕೂಡುಸ್ವತ್ತಾಗದೆಂದೂ ನಿಷ್ಕರ್ಷಿಸಿತು. ಉಯಿಲಿನ ವಿಷಯದಲ್ಲಿ 1837ರ ಕಾಯಿದೆಯೇ ಇನ್ನೂ ಆಳುತ್ತಿದೆ. ಮದುವೆಯಾದೊಡನೆ ಹಿಂದಿನ ಉಯಿಲು ತಾನಾಗಿ ರದ್ದಾಗುವ ನಿಯಮವನ್ನು ಬಳಸಿಕೊಂಡು, ಬುದ್ಧಿ ಮಂಕಾದ ವೃದ್ಧರನ್ನು ಮದುವೆಯಾಗಿ ಆಸ್ತಿ ಕಬಳಿಸುವವರಿದ್ದಾರೆಂದು, ಆ ನಿಯಮವನ್ನು ಕೈಬಿಡಬೇಕೆಂದು ಲಾ ಕಮಿಷನ್ 2025ರ ಮೇ ತಿಂಗಳಲ್ಲಿ ಸಲಹೆ ಮಾಡಿದೆ.

ವ್ಯಾಜ್ಯವನ್ನು ನಡೆಸುವ ಕ್ರಮದಲ್ಲಿಯೂ ದೊಡ್ಡ ತಿರುವು ಬಂದಿದೆ. ವೇಲ್ಸಿನ ಮರ್ಥರ್ ಟಿಡ್‌ಫಿಲ್‌ನಲ್ಲಿ ಒಬ್ಬರ ಹಿತ್ತಿಲಿಗೆ ಪಕ್ಕದ ಪುರಸಭೆಯ ಜಮೀನಿನಿಂದ ಜಪಾನೀ ನಾಟ್‌ವೀಡ್ ಎಂಬ ಹಠಮಾರಿ ಕಳೆ ನುಗ್ಗಿತು. ಅವರು ದಾವೆ ಹೂಡಿದರು. ಪುರಸಭೆಯು ಮೊದಲು ತನ್ನ ದೂರು ಪರಿಹಾರದ ಪದ್ಧತಿಯನ್ನು ಬಳಸಬೇಕಾಗಿತ್ತೆಂದು ವಾದಿಸಿತು. ಒಪ್ಪದ ಪಕ್ಷಗಾರರನ್ನು ಸಂಧಾನಕ್ಕೆ ಕಳಿಸುವುದು ನ್ಯಾಯಾಲಯದ ಬಾಗಿಲನ್ನು ಮುಚ್ಚಿದಂತಾಗುತ್ತದೆಂದು 2004ರ ಹಾಲ್ಸಿ ತೀರ್ಪಿನಲ್ಲಿ ಬಂದಿದ್ದ ಮಾತನ್ನು ಇಡೀ ವೃತ್ತಿಯೇ ಹತ್ತೊಂಬತ್ತು ವರ್ಷ ನಂಬಿಕೊಂಡಿತ್ತು. 2023ರ ನವೆಂಬರಿನಲ್ಲಿ ಅಪೀಲು ನ್ಯಾಯಾಲಯವು ಆ ಮಾತು ತೀರ್ಪಿನ ಆವಶ್ಯಕ ಭಾಗವೇ ಅಲ್ಲವೆಂದು ಹೇಳಿ, ವಿಚಾರಣೆಯ ಹಕ್ಕಿನ ತಿರುಳಿಗೆ ಧಕ್ಕೆ ಬಾರದಂತೆ ನ್ಯಾಯಾಲಯವು ಪಕ್ಷಗಾರರನ್ನು ರಾಜಿಯ ಮಾರ್ಗಕ್ಕೆ ಕಳಿಸಬಹುದೆಂದು ಸ್ಥಾಪಿಸಿತು. 2024ರ ಅಕ್ಟೋಬರಿನಿಂದ ಸಿವಿಲ್ ನಿಯಮಗಳಲ್ಲೇ ಇದು ಸೇರಿದೆ. 10,000 ಪೌಂಡಿನೊಳಗಿನ ಹಣದ ಸಣ್ಣ ದಾವೆಗಳಲ್ಲಿ ಒಂದು ಗಂಟೆಯ ಉಚಿತ ದೂರವಾಣಿ ಸಂಧಾನವು ಕಡ್ಡಾಯವಾಗಿದೆ. ಇದರ ಫಲವು ಬೇಗನೆ ಕಾಣಿಸಿತು. ಮ್ಯಾಂಚೆಸ್ಟರ್ ಸಿಟಿ ತಂಡದ ಅಂಗಿಯ ಮೇಲಿನ ಎರಡು ಶಬ್ದಗಳು ತಮ್ಮ ಸರಕುಮುದ್ರೆಯನ್ನು ಹೋಲುತ್ತವೆಂದು ಸೂಪರ್‌ಡ್ರೈ ಬಟ್ಟೆ ಕಂಪನಿಯವರು ಹೂಡಿದ್ದ ದಾವೆಯಲ್ಲಿ, ವಿಚಾರಣೆಗೆ ಕೆಲವೇ ವಾರ ಉಳಿದಿದ್ದಾಗ, ಒಂದು ಪಕ್ಷವು ಒಲ್ಲೆನೆಂದರೂ ನ್ಯಾಯಾಧೀಶರು ಸಂಧಾನಕ್ಕೆ ಆಜ್ಞಾಪಿಸಿದರು, ಮೊಕದ್ದಮೆ ರಾಜಿಯಾಯಿತು. ಸಿವಿಲ್ ಪ್ರಕ್ರಿಯಾ ಸಂಹಿತೆಯ 89ನೆಯ ಕಲಮಿನ ಮೂಲಕ ನ್ಯಾಯಾಲಯವೇ ಪಕ್ಷಗಾರರನ್ನು ಸಂಧಾನಕ್ಕೆ ಕಳಿಸುವುದನ್ನು ಕಂಡಿರುವ ನಮ್ಮ ವಕೀಲರಿಗೆ ಇದು ಹೊಸತೆನಿಸಲಾರದು.

ಇದರ ಜತೆಗೆ 2023ರ ಅಕ್ಟೋಬರ್ 1ರಿಂದ 1,00,000 ಪೌಂಡಿನವರೆಗಿನ ಬಹುತೇಕ ದಾವೆಗಳಲ್ಲಿ ಗೆದ್ದವರು ಸೋತವರಿಂದ ಪಡೆಯಬಹುದಾದ ವೆಚ್ಚವನ್ನು ಕೋಷ್ಟಕದಲ್ಲಿ ನಿಗದಿಗೊಳಿಸಲಾಗಿದೆ. ಗಂಟೆಗಳನ್ನು ಎಣಿಸಿ ಬಿಲ್ಲು ಬರೆಯುತ್ತಿದ್ದ ವೃತ್ತಿಗೆ ಇದು ಕಠಿನವಾದ ಶಿಸ್ತು. ಕಕ್ಷಿಗಾರರಿಗೆ ಮೊದಲ ದಿನವೇ ಸೋಲಿನ ಬೆಲೆ ಇಷ್ಟೆಂದು ಹೇಳಬಹುದಾದದ್ದು ಅದರ ಗುಣ. ವಾಣಿಜ್ಯದ ಕಡೆ 2025ರ ಆರ್ಬಿಟ್ರೇಷನ್ ಆ್ಯಕ್ಟ್ ಆ ವರ್ಷದ ಆಗಸ್ಟ್ 1ರಂದು ಜಾರಿಗೆ ಬಂದಿತು. ಅದರ ಒಂದು ನಿಯಮವು ಬೆಂಗಳೂರಿನ ಕಂಪನಿಗಳೂ ಗಮನಿಸತಕ್ಕದ್ದು: ಕರಾರು ಭಾರತದ ಕಾನೂನಿಗೆ ಒಳಪಟ್ಟಿದ್ದರೂ ಪಂಚಾಯತಿಯ ಪೀಠವು ಲಂಡನ್ ಎಂದು ಬರೆದಿದ್ದರೆ, ಪಕ್ಷಗಾರರು ಸ್ಪಷ್ಟವಾಗಿ ಬೇರೆ ಹೇಳದ ಹೊರತು, ಪಂಚಾಯತಿಯ ಒಪ್ಪಂದಕ್ಕೆ ಇನ್ನು ಇಂಗ್ಲಿಷ್ ಕಾನೂನೇ ಅನ್ವಯಿಸುತ್ತದೆ. ಚರಸ್ವತ್ತು ಎರಡೇ ಬಗೆಯದೆಂದು 1885ರಲ್ಲಿ ಹೇಳಲಾಗಿದ್ದ ವಿಭಜನೆಗೆ 2025ರ ಡಿಸೆಂಬರಿನ ಚಿಕ್ಕದೊಂದು ಕಾಯಿದೆ ಮೂರನೆಯದರ ಸಾಧ್ಯತೆಯನ್ನು ತೆರೆದು, ಬಿಟ್‌ಕಾಯಿನ್‌ನಂಥ ಡಿಜಿಟಲ್ ಸ್ವತ್ತಿಗೆ ಎಡೆಮಾಡಿಕೊಟ್ಟಿದೆ.

ಆದರೆ ವೃತ್ತಿಯ ಅಂತಃಕರಣವನ್ನು ಅಲುಗಿಸಿದ್ದು ಶಾಸನವಲ್ಲ, ಅಂಚೆ ಇಲಾಖೆಯ ಪ್ರಕರಣ. 1999ರಿಂದೀಚೆಗೆ ಇಂಗ್ಲೆಂಡಿನ ಅಂಚೆ ಶಾಖೆಗಳಲ್ಲಿ ಫುಜಿತ್ಸು ಕಂಪನಿಯ ಹೊರೈಜನ್ ಎಂಬ ಲೆಕ್ಕಪತ್ರದ ಯಂತ್ರವ್ಯವಸ್ಥೆಯನ್ನು ಸ್ಥಾಪಿಸಿದರು. ಸಂಜೆ ಲೆಕ್ಕ ಮುಚ್ಚುವಾಗ ಕೈಯಲ್ಲಿದ್ದ ಹಣಕ್ಕೂ ಪರದೆಯ ಮೇಲಿನ ಅಂಕಿಗೂ ಹೊಂದಿಕೆಯಾಗದೆ, ಹಳ್ಳಿಪಟ್ಟಣಗಳ ಉಪಪೋಸ್ಟ್‌ಮಾಸ್ತರರು, ಅವರಲ್ಲಿ ಭಾರತೀಯ ಮೂಲದವರೂ ಅನೇಕರು, ಕೊರತೆಯನ್ನು ತಮ್ಮ ಉಳಿತಾಯದಿಂದ ತುಂಬಿದರು, ತುಂಬಲಾರದವರು ಕಳ್ಳರೆನಿಸಿಕೊಂಡರು. 900ಕ್ಕೂ ಹೆಚ್ಚು ಮಂದಿಗೆ ಶಿಕ್ಷೆಯಾಯಿತು. ಆ ಮೊಕದ್ದಮೆಗಳಲ್ಲಿ ಹೆಚ್ಚಿನವನ್ನು ಅಂಚೆ ಸಂಸ್ಥೆಯೇ ತನ್ನ ವಕೀಲರ ಮೂಲಕ ನಡೆಸಿತು. ಯಂತ್ರದಲ್ಲಿ ದೋಷಗಳಿರುವುದು ಗೊತ್ತಿದ್ದೂ ನ್ಯಾಯಾಲಯಗಳಿಗೆ ಅದನ್ನು ತಿಳಿಸದ ಪರಿಣತ ಸಾಕ್ಷಿಯ ವಿಷಯವಾಗಿ 2013ರಲ್ಲಿಯೇ ಒಬ್ಬ ಬ್ಯಾರಿಸ್ಟರರು ಲಿಖಿತ ಎಚ್ಚರಿಕೆ ಕೊಟ್ಟಿದ್ದರು. ಆ ಬರಹವು ಶಿಕ್ಷಿತರ ಕೈಸೇರಲು ವರ್ಷಗಳೇ ಹಿಡಿದವು.

ಇಲ್ಲಿ ಒಂದು ಸಾಕ್ಷ್ಯನಿಯಮದ ಇತಿಹಾಸವನ್ನು ನೆನೆಯಬೇಕು. 1984ರ ಕಾಯಿದೆಯ 69ನೆಯ ಕಲಮು, ಗಣಕಯಂತ್ರದ ದಾಖಲೆಯನ್ನು ಸಾಕ್ಷ್ಯವಾಗಿ ತರುವವರು ಯಂತ್ರವು ಸರಿಯಾಗಿ ನಡೆಯುತ್ತಿತ್ತೆಂದು ತೋರಿಸಬೇಕೆಂದಿತ್ತು. 1999ರ ಕಾಯಿದೆಯು ಅದನ್ನು ತೆಗೆದುಹಾಕಿತು. ಯಂತ್ರವು ಸರಿಯಾಗಿಯೇ ಇತ್ತೆಂಬ ಪೂರ್ವಭಾವನೆಯು ಅದರ ಸ್ಥಾನಕ್ಕೆ ಬಂದಿತು. ಹೊರೈಜನ್ ಊರೂರಿಗೆ ಬಂದ ಕಾಲವೂ ಅದೇ. ಕಂಪನಿಯ ಸರ್ವರಿನ ಒಳಗೆ ಏನು ನಡೆಯಿತೆಂದು ತಿಳಿಯುವ ಯಾವ ಉಪಾಯವೂ ಇಲ್ಲದ ಅಂಗಡಿಯಾಕೆಯು, ಯಂತ್ರ ತಪ್ಪಿತೆಂದು ಸಾಧಿಸುವ ಹೊರೆಯನ್ನು ಹೊತ್ತು ನ್ಯಾಯಾಲಯದಲ್ಲಿ ನಿಂತಳು. ಆ ಪೂರ್ವಭಾವನೆಯನ್ನು ಬದಲಿಸಬೇಕೇ ಎಂದು ಸರ್ಕಾರವು 2025ರ ಜನವರಿಯಲ್ಲಿ ಅಭಿಪ್ರಾಯ ಕೇಳಿತು. ಬದಲಿಸಲೇಬೇಕು ಎಂಬುದರಲ್ಲಿ ನನಗೆ ಸಂದೇಹವಿಲ್ಲ.

555 ಮಂದಿ ಸೇರಿ ಹೂಡಿದ ಸಿವಿಲ್ ದಾವೆಯಲ್ಲಿ 2019ರ ಡಿಸೆಂಬರಿನಲ್ಲಿ ಸತ್ಯವು ಹೊರಬಿತ್ತು. ಅಂಚೆ ಸಂಸ್ಥೆಯು ರಾಜಿಯಾಗಿ ಕೊಡಲೊಪ್ಪಿದ ಸುಮಾರು 5 ಕೋಟಿ 77 ಲಕ್ಷ ಪೌಂಡುಗಳಲ್ಲಿ ಬಹುಪಾಲು ದಾವೆಯ ವೆಚ್ಚಕ್ಕೂ, ದಾವೆಗೆ ಬಂಡವಾಳ ಹೂಡಿದವರಿಗೂ ಹೋಯಿತು. ಇದು ಅನ್ಯಾಯವಾಗಿ ಕಾಣುತ್ತದೆ, ನಿಜ. ಆದರೆ ಆ ಬಂಡವಾಳವಿಲ್ಲದಿದ್ದರೆ ದಾವೆಯೇ ನಡೆಯುತ್ತಿರಲಿಲ್ಲ. ಪಡೆದ ಪರಿಹಾರದಲ್ಲಿ ಶೇಕಡಾವಾರು ಪಾಲು ಕೇಳುವ ಇಂಥ ಬಂಡವಾಳದ ಒಪ್ಪಂದಗಳು ಬಹುಮಟ್ಟಿಗೆ ಅಸಿಂಧುವೆಂದು 2023ರ ಜುಲೈನಲ್ಲಿ ಪ್ಯಾಕರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದ ಮೇಲೆ ಬಡವರ ಸಾಮೂಹಿಕ ದಾವೆಗಳಿಗೆ ಕುತ್ತು ಬಂದಿತು. ಅದನ್ನು ಶಾಸನದಿಂದ ಸರಿಪಡಿಸಬೇಕೆಂದು ಸಿವಿಲ್ ಜಸ್ಟಿಸ್ ಕೌನ್ಸಿಲ್ 2025ರಲ್ಲಿ ಶಿಫಾರಸು ಮಾಡಿತು. ಅಪೀಲು ನ್ಯಾಯಾಲಯವು 2021ರ ಏಪ್ರಿಲಿನಲ್ಲಿ 39 ಮಂದಿಯ ಶಿಕ್ಷೆಯನ್ನು ರದ್ದುಮಾಡಿತು. ಉಳಿದ ನೂರಾರು ಶಿಕ್ಷೆಗಳನ್ನು ಪಾರ್ಲಿಮೆಂಟೇ 2024ರ ಮೇ ತಿಂಗಳಲ್ಲಿ ಒಂದು ಕಾಯಿದೆಯಿಂದ ಅಳಿಸಿಹಾಕಿತು. ನ್ಯಾಯಾಲಯ ವಿಧಿಸಿದ ಶಿಕ್ಷೆಯನ್ನು ಶಾಸಕಾಂಗವು ಹೀಗೆ ಸಾಮೂಹಿಕವಾಗಿ ತೊಡೆಯುವುದು ಅಪಾಯಕಾರಿ ಮೇಲ್ಪಂಕ್ತಿಯೆಂದು ಹೇಳಿದವರ ಮಾತನ್ನು ನಾನು ಹಗುರವಾಗಿ ಎಣಿಸುವುದಿಲ್ಲ. ಆದರೆ ವೃದ್ಧರಾದ ನಿರಪರಾಧಿಗಳು ಒಬ್ಬೊಬ್ಬರಾಗಿ ಅಪೀಲಿನ ಸರದಿಗೆ ಕಾಯುತ್ತ ಕಣ್ಣುಮುಚ್ಚುತ್ತಿದ್ದಾಗ ಬೇರೆ ದಾರಿ ಇರಲಿಲ್ಲ. ಕಕ್ಷಿಗಾರರಾದ ಸಂಸ್ಥೆಯ ಮಾತನ್ನು ಪ್ರಶ್ನಿಸದೆ ಅದರ ಪರವಾಗಿ ಪತ್ರ ಬರೆಯುತ್ತ ಹೋದ ವಕೀಲರ ನಡತೆಯೇ ಈಗ ಸಾಲಿಸಿಟರರ ನಿಯಂತ್ರಣ ಪ್ರಾಧಿಕಾರದ ತನಿಖೆಗೆ ಒಳಗಾಗಿದೆ.

ಯಂತ್ರದ ಮಾತನ್ನು ಪರೀಕ್ಷಿಸದೆ ನಂಬುವ ರೋಗವು ಇಷ್ಟರಲ್ಲೇ ಇನ್ನೊಂದು ವೇಷದಲ್ಲಿ ಬಂದಿತು. 2025ರ ಜೂನ್ 6ರಂದು ಹೈಕೋರ್ಟಿನ ವಿಭಾಗೀಯ ಪೀಠದಲ್ಲಿ ಡೇಮ್ ವಿಕ್ಟೋರಿಯಾ ಶಾರ್ಪ್ ಅವರೂ ನ್ಯಾಯಮೂರ್ತಿ ಜಾನ್ಸನ್ ಅವರೂ ಎರಡು ಪ್ರಕರಣಗಳನ್ನು ಒಟ್ಟಿಗೆ ತೀರ್ಮಾನಿಸಿದರು. ಮೊದಲನೆಯದು ಹ್ಯಾರಿಂಗೇ ಪುರಸಭೆಯ ವಿರುದ್ಧ ವಸತಿಹೀನರೊಬ್ಬರ ಅರ್ಜಿ. ಅದರಲ್ಲಿ ಉದಾಹರಿಸಿದ್ದ ಐದು ಪೂರ್ವನಿರ್ಣಯಗಳು ಎಲ್ಲಿಯೂ ಇಲ್ಲದವು. ಎರಡನೆಯದು ಕತಾರ್ ನ್ಯಾಷನಲ್ ಬ್ಯಾಂಕಿನ ಮೇಲೆ ಎಂಟು ಕೋಟಿ ಪೌಂಡಿಗೂ ಮೀರಿದ ದಾವೆ. ಅಲ್ಲಿ ಉಲ್ಲೇಖಿಸಿದ್ದ 45 ಆಧಾರಗಳಲ್ಲಿ 18 ಅಸ್ತಿತ್ವದಲ್ಲೇ ಇರಲಿಲ್ಲ. ಈ ಎರಡನೆಯದರಲ್ಲಿ ಕೃತಕ ಬುದ್ಧಿಮತ್ತೆಯ ಉಪಕರಣಗಳನ್ನು ಬಳಸಿ ಆಧಾರಗಳನ್ನು ಹುಡುಕಿದವರು ಸ್ವತಃ ಕಕ್ಷಿಗಾರರು. ಸಾಲಿಸಿಟರರು ಅವನ್ನು ತೆರೆದು ನೋಡದೆ ಸಲ್ಲಿಸಿಬಿಟ್ಟರು. ಕಾನೂನು ಹೇಳಿಕೊಡಬೇಕಾದವರು ಕೇಳಬಂದವರಿಂದ ಕಾನೂನು ಕಲಿತ ಈ ವಿಪರ್ಯಾಸವು ನ್ಯಾಯಾಧೀಶರನ್ನು ಬಹುವಾಗಿ ನೋಯಿಸಿತು. ವೆಚ್ಚದ ದಂಡದಿಂದ ಹಿಡಿದು ನ್ಯಾಯಾಂಗನಿಂದನೆಯವರೆಗೂ, ಅತಿಯಾದಲ್ಲಿ ಪೊಲೀಸರವರೆಗೂ ಇಂಥ ತಪ್ಪು ಒಯ್ಯಬಹುದೆಂದು ಪೀಠವು ಎಚ್ಚರಿಸಿ, ಕಚೇರಿಗಳ ಮುಖ್ಯಸ್ಥರೇ ತಡೆಗಟ್ಟುವ ಏರ್ಪಾಡು ಮಾಡತಕ್ಕದ್ದೆಂದು ವಿಧಿಸಿತು. ಇದಕ್ಕೆ ಒಂದು ತಿಂಗಳು ಮೊದಲಷ್ಟೇ, ಸಣ್ಣ ಸಾಲಗಳ ವಸೂಲಿಗೆ ಪೂರ್ತಿಯಾಗಿ ಕೃತಕ ಬುದ್ಧಿಮತ್ತೆಯ ಆಸರೆಯಿಂದ ನಡೆಯುವ ಗಾರ್‌ಫೀಲ್ಡ್ ಎಂಬ ಸಂಸ್ಥೆಗೆ ಅನುಮತಿ ಕೊಟ್ಟುದನ್ನು ನಿಯಂತ್ರಣ ಪ್ರಾಧಿಕಾರವು ಪ್ರಕಟಿಸಿತ್ತು. ಯಂತ್ರವನ್ನು ನಿಷೇಧಿಸುವ ಮಾತು ಯಾರದೂ ಅಲ್ಲ. ಅದರ ಉತ್ಪನ್ನದ ಕೆಳಗೆ ಹೆಸರು ಬರೆಯುವವರು ಮೂಲವನ್ನು ಓದಿರಬೇಕು ಎಂಬುದಷ್ಟೇ ಕೇಳಿಕೆ.

ಆ ಪ್ರಾಧಿಕಾರವೂ ದೂರಿನಿಂದ ಹೊರತಾಗಿಲ್ಲ. 2023ರ ಅಕ್ಟೋಬರಿನಲ್ಲಿ ಆಕ್ಸಿಯಮ್ ಇನ್ಸ್ ಎಂಬ ಸಂಸ್ಥೆಯನ್ನು ಮುಚ್ಚಿಸಿದಾಗ, ಕಕ್ಷಿಗಾರರ ಖಾತೆಯಲ್ಲಿ ಇರಬೇಕಾಗಿದ್ದ ಆರು ಕೋಟಿ ಪೌಂಡಿಗೂ ಹೆಚ್ಚು ಹಣ ಕಾಣೆಯಾಗಿತ್ತು. ಮೊದಲೇ ತಡೆಯಬಹುದಾಗಿತ್ತೆಂದು ಮೇಲ್ವಿಚಾರಣೆಯ ಲೀಗಲ್ ಸರ್ವಿಸಸ್ ಬೋರ್ಡ್ ತೀವ್ರವಾಗಿ ಆಕ್ಷೇಪಿಸಿತು. ಕಳೆದುಕೊಂಡವರಿಗೆ ಪರಿಹಾರ ಕೊಡುವ ನಿಧಿಗೆ ಪ್ರತಿಯೊಬ್ಬ ಸಾಲಿಸಿಟರರ ವಾರ್ಷಿಕ ಪಾಲು ಮರುವರ್ಷ 30 ಪೌಂಡಿನಿಂದ 90ಕ್ಕೆ ಏರಿತು. ಒಬ್ಬರ ದ್ರೋಹವನ್ನು ಇಡೀ ವೃತ್ತಿಯು ತುಂಬಿಕೊಡುವ ಈ ಏರ್ಪಾಡಿನಲ್ಲಿ ನನಗೆ ಗೌರವವಿದೆ. ಈ ನಡುವೆ ಸಾಲಿಸಿಟರರ ಮೇಲಿನ ಕಪ್ಪುಹಣದ ತಡೆಯ ಮೇಲ್ವಿಚಾರಣೆಯನ್ನು ಹಣಕಾಸು ವ್ಯವಹಾರಗಳ ಪ್ರಾಧಿಕಾರಕ್ಕೆ ವರ್ಗಾಯಿಸುವ ನಿರ್ಧಾರವನ್ನು ಸರ್ಕಾರವು 2025ರ ಅಕ್ಟೋಬರಿನಲ್ಲಿ ಪ್ರಕಟಿಸಿತು. ವೃತ್ತಿಗೆ ಪ್ರವೇಶಿಸುವ ದಾರಿಯೂ 2021ರ ಸೆಪ್ಟೆಂಬರಿನಿಂದ ಬದಲಾಗಿದೆ: ಹೊಸ ಪರೀಕ್ಷೆಯ ಮೊದಲ ಹಂತದಲ್ಲಿ 360 ಪ್ರಶ್ನೆಗಳು, ಎರಡನೆಯದರಲ್ಲಿ ಸಂದರ್ಶನ, ವಾದ, ಕರಡು ಮೊದಲಾದ ಹದಿನಾರು ಕಾರ್ಯಗಳು, ಜತೆಗೆ ಎರಡು ವರ್ಷದ ಅನುಭವ. ಭಾರತದಲ್ಲಿ ಸನ್ನದು ಪಡೆದ ವಕೀಲರಿಗೆ ಈ ಅನುಭವದ ಷರತ್ತು ಇಲ್ಲದಿರುವುದರಿಂದ, ಶುಲ್ಕವೇ ಸುಮಾರು 5,000 ಪೌಂಡಾದರೂ, ನಮ್ಮ ತರುಣ ವಕೀಲರಿಗೂ ಆ ಬಾಗಿಲು ತೆರೆದಿದೆ.

ಕಡೆಯದಾಗಿ ಬಾಡಿಗೆ ಮನೆಗಳ ಸಂಗತಿ. 1988ರ ಕಾಯಿದೆಯ 21ನೆಯ ಕಲಮಿನ ಕೆಳಗೆ ಮಾಲೀಕರು ಯಾವ ಕಾರಣವನ್ನೂ ಹೇಳದೆ ಎರಡು ತಿಂಗಳ ನೋಟೀಸು ಕೊಟ್ಟು ಬಾಡಿಗೆದಾರರನ್ನು ತೆರವುಗೊಳಿಸಬಹುದಾಗಿತ್ತು; ಛಾವಣಿ ಸೋರುತ್ತದೆಂದು ದೂರಿಕೊಂಡವರಿಗೆ ಮರುವಾರ ನೋಟೀಸು ಬರುವುದು ಅಪರೂಪವಾಗಿರಲಿಲ್ಲ. 2025ರ ಅಕ್ಟೋಬರ್ 27ರಂದು ರಾಜಮುದ್ರೆ ಪಡೆದ ರೆಂಟರ್ಸ್ ರೈಟ್ಸ್ ಆ್ಯಕ್ಟ್, 2026ರ ಮೇ 1ರಿಂದ ಈ ಅಧಿಕಾರವನ್ನು ರದ್ದುಗೊಳಿಸಿ, ಅವಧಿಯ ಕರಾರುಗಳನ್ನೆಲ್ಲ ತಿಂಗಳಿಂದ ತಿಂಗಳಿಗೆ ಸಾಗುವ ಬಾಡಿಗೆಯಾಗಿ ಮಾರ್ಪಡಿಸುತ್ತದೆ. ಬಾಡಿಗೆಯನ್ನು ವರ್ಷಕ್ಕೊಮ್ಮೆ ಮಾತ್ರ ಏರಿಸಬಹುದು. ಮನೆ ಮಾರಬೇಕೆನ್ನುವ ಮಾಲೀಕರು ನಾಲ್ಕು ತಿಂಗಳ ನೋಟೀಸು ಕೊಡಬೇಕು, ಅದರ ಗಡುವು ಬಾಡಿಗೆಯ ಮೊದಲ ವರ್ಷದೊಳಗೆ ಮುಗಿಯುವಂತಿಲ್ಲ. ಇದರ ಅರ್ಥವೇನೆಂದರೆ, ಹಿಂದೆ ಕಾಗದದ ಮೇಲೆಯೇ ಮುಗಿಯುತ್ತಿದ್ದ ತೆರವಿನ ಅರ್ಜಿಯಲ್ಲಿ ಇನ್ನು ಕಾರಣವನ್ನು ಹೇಳಬೇಕು, ಆ ಕಾರಣವನ್ನು ನ್ಯಾಯಾಧೀಶರೆದುರು ಸಾಧಿಸಬೇಕು, ಬಾಡಿಗೆದಾರರು ಅದನ್ನು ಎದುರಿಸಬಹುದು.

ಎದುರಿಸಲು ಪಕ್ಕದಲ್ಲಿ ಯಾರಿರುತ್ತಾರೆ? 2012ರ ಕಾಯಿದೆಯು ಉಚಿತ ಕಾನೂನು ನೆರವಿನ ವ್ಯಾಪ್ತಿಯನ್ನು ಕತ್ತರಿಸಿದಂದಿನಿಂದ ವಸತಿ ವ್ಯಾಜ್ಯದ ಸಾಲಿಸಿಟರರೇ ಇಲ್ಲದ ಜಿಲ್ಲೆಗಳು ಎಷ್ಟೋ ಆಗಿವೆ. ಸಿವಿಲ್ ನೆರವಿನ ಸಂಭಾವನೆಯು 1996ರಿಂದ ಏರದೆ, 2011ರಲ್ಲಿ ಶೇಕಡಾ ಹತ್ತರಷ್ಟು ಇಳಿದೂ ಇತ್ತು. ವಸತಿ ಮತ್ತು ವಲಸೆಯ ವ್ಯಾಜ್ಯಗಳಿಗೆ ಮಾತ್ರ ಸರ್ಕಾರವು 2025ರಲ್ಲಿ ಅದನ್ನು ಏರಿಸಲೊಪ್ಪಿತು. 2023ರ ಆಗಸ್ಟಿನಿಂದ, ಮನೆ ಕಳೆದುಕೊಳ್ಳುವ ನೋಟೀಸು ಬಂದ ಯಾರೇ ಆಗಲಿ, ಆದಾಯವನ್ನು ವಿಚಾರಿಸದೆ, ನೋಟೀಸು ಬಂದ ದಿನದಿಂದ ವಿಚಾರಣೆಯ ದಿನದವರೆಗೂ ಉಚಿತ ಸಲಹೆ ಪಡೆಯುವ ಒಂದು ಸೇವೆಯು ನಡೆಯುತ್ತಿದೆ. ತೆರವಿನ ಮೊಕದ್ದಮೆಗಳ ದಿನ ಕೌಂಟಿ ಕೋರ್ಟಿನಲ್ಲಿ ಅದರ ಸಾಲಿಸಿಟರರು ಹಾಜರಿದ್ದು ಬಂದವರ ಕಾಗದವನ್ನು ಅಲ್ಲೇ ಓದಿ ಪರವಾಗಿ ನಿಲ್ಲುತ್ತಾರೆ. ಹೊಸ ಕಾಯಿದೆಯು ಬರೆದಂತೆ ನಡೆಯಬೇಕಾದರೆ ಮೊದಲು ಹಣ ಸಲ್ಲಬೇಕಾದದ್ದು ಈ ಸೇವೆಗೆ. ದೇಶದ ಪ್ರತಿಯೊಂದು ಕೌಂಟಿ ಕೋರ್ಟಿನಲ್ಲಿಯೂ, ತೆರವಿನ ಮೊಕದ್ದಮೆಗಳು ಬರುವ ಪ್ರತಿಯೊಂದು ದಿನವೂ, ಆ ಸಾಲಿಸಿಟರರು ಅಲ್ಲಿ ಹಾಜರಿರುವಷ್ಟು.